ಮನೆಯೊಳಗಿನ ಹಿಂಸೆಯನ್ನು ತರಗತಿಯಲ್ಲಿ ಕಲಿಸುವ ಬಗೆ: ನೊಂದ ಗಂಡಸರನ್ನೂ ಗಂಡುಮಕ್ಕಳನ್ನೂ ಬಿಡದೆ

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದ ಶಾಲೆಗಳ ಶಿಕ್ಷಕರಿಗಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಕೌಟುಂಬಿಕ ಹಿಂಸೆಯ ಬಗ್ಗೆ ಪಾಠ ಮಾಡುವಾಗ ನಾವು ಸಾಮಾನ್ಯವಾಗಿ ಮಕ್ಕಳ ಮುಂದೆ ಒಂದೇ ಚಿತ್ರವನ್ನು ಇಡುತ್ತೇವೆ: ಕುಡಿದು ಬರುವ ಗಂಡ, ಏಟು ತಿನ್ನುವ ಹೆಂಡತಿ, ಮೂಲೆಯಲ್ಲಿ ಅಳುವ ಮಗು. ಈ ಚಿತ್ರ ಸುಳ್ಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದೊಳಗಿನ ಮದುವೆಯಾದ ಮಹಿಳೆಯರ ಪೈಕಿ ಶೇಕಡಾ 44ರಷ್ಟು ಮಂದಿ ಒಮ್ಮೆಯಾದರೂ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ನಲವತ್ತು ಮಕ್ಕಳು ಕುಳಿತ ಯಾವ ಕೊಠಡಿಯಲ್ಲೂ ಇದನ್ನು ಕಣ್ಣಾರೆ ಕಂಡವರು ಇದ್ದೇ ಇರುತ್ತಾರೆ ಎಂದುಕೊಂಡೇ ನಾವು ಬಾಗಿಲು ದಾಟಬೇಕು.

ಆದರೆ ಈ ಒಂದೇ ಚಿತ್ರವನ್ನು ತೋರಿಸಿ ಪಾಠ ಮುಗಿಸಿದರೆ ಕೆಲವು ಮಕ್ಕಳ ಬಾಯಿಗೆ ನಾವೇ ಬೀಗ ಹಾಕಿದಂತಾಗುತ್ತದೆ. ಅಪ್ಪನ ಬೆಲ್ಟಿನ ಏಟು ತಿನ್ನುವ ಹುಡುಗ, ಅವ್ವನೇ ಅಪ್ಪನನ್ನು ಬಡಿಯುವುದನ್ನು ನೋಡಿದ ಹುಡುಗಿ, ಮಗ-ಸೊಸೆಯ ಕೈಯಲ್ಲಿ ಬೈಗುಳ ಉಂಡು ಹಸಿದು ಮಲಗುವ ಅಜ್ಜನ ಪಕ್ಕದಲ್ಲೇ ಮಲಗುವ ಮೊಮ್ಮಗ, ಇವರಿಗೆಲ್ಲ ತಮ್ಮ ಮನೆಯಲ್ಲಿ ನಡೆಯುತ್ತಿರುವುದು ಪಾಠದಲ್ಲಿ ಹೇಳಿದ ಹಿಂಸೆಯಲ್ಲ, ಯಾರ ಮುಂದೆಯೂ ಆಡಬಾರದ ನಾಚಿಕೆಗೇಡು ಎನಿಸಿಬಿಡುತ್ತದೆ. ಹಾಗೆಂದು, ಗಂಡಸರೂ ಹೆಂಗಸರೂ ಸರಿಸಮವಾಗಿ ಹಿಂಸೆಗೆ ಒಳಗಾಗುತ್ತಾರೆ ಎಂದು ಕಲಿಸಿದರೆ ಅದು ದಿನವೂ ಏಟು ತಿನ್ನುವ ತಾಯಂದಿರಿಗೆ ಮಾಡುವ ಅನ್ಯಾಯ. ಹೆಚ್ಚಾಗಿ ಮತ್ತು ತೀವ್ರವಾಗಿ ನೋಯುವವರು ಹೆಂಗಸರು, ಗಂಡಸರೂ ಗಂಡುಮಕ್ಕಳೂ ನೋಯುತ್ತಾರೆ ಎಂಬ ಎರಡು ಮಾತುಗಳನ್ನೂ ಒಂದೇ ಪಾಠದಲ್ಲಿ, ಒಂದನ್ನು ಇನ್ನೊಂದಕ್ಕೆ ಎದುರಾಗಿ ನಿಲ್ಲಿಸದೆ ಹೇಳಬೇಕು. ಹೀಗೆ ಹೇಳುವುದು ಸಾಧ್ಯ, ಮತ್ತು ಅದನ್ನು ಹೇಗೆ ಮಾಡಬಹುದೆಂದು ವಿವರಿಸುವುದೇ ಇಲ್ಲಿನ ಉದ್ದೇಶ.

ಪಾಠಕ್ಕಿಂತ ಮೊದಲು ಶಾಲೆ ಸಿದ್ಧವಾಗಬೇಕು

ಪಾಠ ಮುಗಿದ ದಿನವೋ ಮರುವಾರವೋ ಯಾವುದಾದರೂ ಮಗು ನಿಮ್ಮ ಬಳಿ ಬಂದು ಏನನ್ನಾದರೂ ಹೇಳಬಹುದು. ಆಗ ಏನು ಮಾಡಬೇಕೆಂದು ತಿಳಿಯದ ಶಾಲೆ ಈ ಪಾಠವನ್ನು ಸದ್ಯಕ್ಕೆ ಕೈಗೆತ್ತಿಕೊಳ್ಳದಿರುವುದೇ ಲೇಸು ಎಂದು ನಾನು ಖಚಿತವಾಗಿ ನಂಬುತ್ತೇನೆ. ಧೈರ್ಯ ಮಾಡಿ ಬಾಯಿಬಿಟ್ಟ ಮಗುವಿಗೆ ‘ನೋಡೋಣ’ ಎಂಬ ಉತ್ತರ ಸಿಕ್ಕರೆ ಅದು ಮತ್ತೆ ಬಹುಕಾಲ ಮಾತನಾಡುವುದಿಲ್ಲ.

ಆದ್ದರಿಂದ ಮೊದಲು ಮುಖ್ಯೋಪಾಧ್ಯಾಯರೊಂದಿಗೆ ಕುಳಿತು ಮಕ್ಕಳ ಮಾತು ಕೇಳಿಸಿಕೊಳ್ಳಲು ಇಬ್ಬರು ಶಿಕ್ಷಕರನ್ನು ಗೊತ್ತುಮಾಡಿ. ಒಬ್ಬರು ಮಹಿಳೆಯೂ ಒಬ್ಬರು ಪುರುಷರೂ ಆಗಿದ್ದರೆ ಒಳ್ಳೆಯದು, ಆದರೆ ಯಾರ ಬಳಿ ಹೇಳಬೇಕೆಂಬುದನ್ನು ಮಗುವಿನ ಆಯ್ಕೆಗೇ ಬಿಡಬೇಕು, ಏಕೆಂದರೆ ಎಷ್ಟೋ ಗಂಡುಮಕ್ಕಳು ತಮ್ಮ ನೋವನ್ನು ಶಿಕ್ಷಕಿಯ ಬಳಿಯೇ ಸುಲಭವಾಗಿ ಹೇಳುತ್ತಾರೆ. ಬಳಿಕ ನಿಮ್ಮ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಮತ್ತು ಹತ್ತಿರದ ಪೊಲೀಸ್ ಠಾಣೆಯ ಮಕ್ಕಳ ಕಲ್ಯಾಣಾಧಿಕಾರಿ, ಇವರ ದೂರವಾಣಿ ಸಂಖ್ಯೆಗಳನ್ನು ಸ್ವತಃ ಕರೆ ಮಾಡಿ ಖಚಿತಪಡಿಸಿಕೊಂಡು ಬರೆದಿಡಿ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳೂ ಆಗಿರುವುದರಿಂದ, ರೋಣ, ಮುಂಡರಗಿ, ಕಲಘಟಗಿ, ಹಿರೇಕೆರೂರಿನಂತಹ ತಾಲ್ಲೂಕುಗಳ ಶಾಲೆಗಳು ಜಿಲ್ಲಾ ಕೇಂದ್ರದವರೆಗೆ ಓಡಾಡಬೇಕಿಲ್ಲ. ಮಾನಸಿಕ ಆರೋಗ್ಯದ ನೆರವಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಅಷ್ಟು ದೂರ ಹೋಗಲಾಗದವರು 14416ರ ಟೆಲಿ-ಮಾನಸ್ ಸಹಾಯವಾಣಿಗೆ ಕರೆ ಮಾಡಿ ಮಾತನಾಡಬಹುದು.

ಶಿಕ್ಷಕರು ತಮ್ಮ ಕಾನೂನು ಹೊಣೆಯನ್ನೂ ತಿಳಿದಿರಬೇಕು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಇದು ಗಂಡು ಮಗುವಿಗೂ ಹೆಣ್ಣು ಮಗುವಿಗೂ ಒಂದೇ ರೀತಿ ಅನ್ವಯಿಸುತ್ತದೆ, ಮತ್ತು ತಿಳಿಸದೆ ಇರುವುದು ಶಿಕ್ಷಾರ್ಹ ಅಪರಾಧ. ಮಗುವಿಗೆ ಮನೆಯಲ್ಲಿ ಕ್ರೌರ್ಯ ನಡೆಯುತ್ತಿದ್ದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ಅನ್ವಯಿಸುತ್ತದೆ. ಅಂತಹ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಯಾವುದೇ ಸಾರ್ವಜನಿಕ ನೌಕರರು ಕರೆದೊಯ್ಯಬಹುದು, ಮಗುವೇ ಸ್ವತಃ ಹೋಗಲೂಬಹುದು. ತಾಯಿಗೆ ಹಿಂಸೆಯಾಗುತ್ತಿದೆ ಎಂದು ನಂಬಲು ಕಾರಣವಿದ್ದ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು ಎಂದು 2005ರ ಕಾಯ್ದೆಯ 4ನೇ ಕಲಮು ಹೇಳುತ್ತದೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲವೆಂದು ಅದೇ ಕಲಮಿನಲ್ಲಿದೆ. ‘ನಾಳೆ ಅವರ ಅಪ್ಪ ಬಂದು ನನ್ನ ಮೇಲೆ ಕೇಸು ಹಾಕಿದರೆ?’ ಎಂಬ ಅಂಜಿಕೆಯಿಂದ ಸುಮ್ಮನಿರುವ ಶಿಕ್ಷಕರಿಗೆ ಈ ಮಾತನ್ನು ಓದಿ ಹೇಳಬೇಕು.

ಯಾವ ವಯಸ್ಸಿಗೆ ಎಷ್ಟು

ಒಂದರಿಂದ ನಾಲ್ಕನೆಯ ತರಗತಿಯವರೆಗೆ ಹಿಂಸೆ ಎಂಬ ಹೆಸರೇ ಬೇಡ. ಅಂಜಿಕೆಯಾದಾಗ ಹೊಟ್ಟೆಯಲ್ಲಿ ಏನಾಗುತ್ತದೆ, ಅಂಜಿಕೆಯಾದಾಗ ಯಾರ ಹತ್ತಿರ ಹೋಗಬೇಕೆನಿಸುತ್ತದೆ ಎಂದು ಕೇಳಿ, ಮನೆಯ ಒಳಗಿನವರು ಇಬ್ಬರು, ಮನೆಯ ಹೊರಗಿನವರು ಮೂವರು, ಹೀಗೆ ನಂಬಿಕೆಯ ಐವರು ದೊಡ್ಡವರ ಹೆಸರನ್ನು ಪ್ರತಿ ಮಗುವೂ ನೆನಪಿಟ್ಟುಕೊಳ್ಳುವಂತೆ ಮಾಡಿದರೆ ಸಾಕು. ಐದರಿಂದ ಏಳರವರೆಗಿನ ಮಕ್ಕಳಿಗೆ ಜಗಳಕ್ಕೂ ಹಿಂಸೆಗೂ ಇರುವ ವ್ಯತ್ಯಾಸವನ್ನು ಕಥೆಗಳ ಮೂಲಕ ಹೇಳಬಹುದು. ಎಂಟರಿಂದ ಹತ್ತರವರೆಗಿನವರಿಗೆ ಕಾನೂನು, ಸಹಾಯ ಸಿಗುವ ದಾರಿ, ಮತ್ತು ನಾಳೆ ತಮ್ಮದೇ ಸಂಸಾರದಲ್ಲಿ ಹೇಗಿರಬೇಕೆಂಬ ವಿಚಾರ, ಎಲ್ಲವನ್ನೂ ತೆರೆದು ಹೇಳಬೇಕು. ಹುಡುಗ-ಹುಡುಗಿಯರನ್ನು ಬೇರೆ ಬೇರೆ ಕೂರಿಸಿ ಈ ಪಾಠ ಮಾಡುವ ರೂಢಿ ಕೆಲವು ಕಡೆ ಇದೆ. ನನ್ನ ಅಭಿಪ್ರಾಯದಲ್ಲಿ ಅದು ಬೇಡ, ಏಕೆಂದರೆ ಹುಡುಗ ಅಳಬಲ್ಲ ಎಂಬುದನ್ನು ಹುಡುಗಿಯೂ, ಹುಡುಗಿಗೆ ಇಲ್ಲವೆನ್ನುವ ಹಕ್ಕಿದೆ ಎಂಬುದನ್ನು ಹುಡುಗನೂ ಒಂದೇ ಕೊಠಡಿಯಲ್ಲಿ ಕೇಳಿಸಿಕೊಳ್ಳಬೇಕು.

ಗಾದೆಗಳಿಂದ ಆರಂಭಿಸಬಹುದು

‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂದು ಕರಿಹಲಗೆಯ ಮೇಲೆ ಬರೆಯಿರಿ. ಇದನ್ನು ಕೇಳದ ಮಗು ನಮ್ಮ ಭಾಗದಲ್ಲಿ ಇರಲಾರದು. ಇದು ಯಾವ ಜಗಳದ ವಿಷಯದಲ್ಲಿ ನಿಜ, ಯಾವುದರ ವಿಷಯದಲ್ಲಿ ನಿಜವಲ್ಲ ಎಂದು ಕೇಳಿ, ಮಕ್ಕಳೇ ಉತ್ತರ ಹುಡುಕಲು ಸಮಯ ಕೊಡಿ. ಸಾರಿಗೆ ಉಪ್ಪು ಹೆಚ್ಚಾಯಿತೆಂದೋ, ಬೀಜದ ಗೊಬ್ಬರದ ರೊಕ್ಕ ಎಲ್ಲಿ ಹೋಯಿತೆಂದೋ ಇಬ್ಬರೂ ದನಿಯೇರಿಸಿ ಮಾತನಾಡಿ, ಸ್ವಲ್ಪ ಹೊತ್ತು ಮುಖ ತಿರುಗಿಸಿ ಕುಳಿತು, ಬೆಳಗಾದ ಮೇಲೆ ಸರಿಹೋದರೆ ಅದು ಜಗಳ. ಒಬ್ಬರು ಮಾತ್ರ ಸದಾ ಅಂಜುತ್ತಿದ್ದರೆ, ಬಾಗಿಲ ಬಳಿ ಕಾಲ ಸಪ್ಪಳ ಕೇಳಿದೊಡನೆ ಮನೆಯೇ ಮೌನವಾದರೆ, ಒಬ್ಬರ ಸಿಟ್ಟಿಗೆ ತಕ್ಕಂತೆ ಇನ್ನೊಬ್ಬರು ತಮ್ಮ ಊಟ, ಉಡುಗೆ, ನಗು ಎಲ್ಲವನ್ನೂ ಬದಲಿಸಿಕೊಳ್ಳುತ್ತಿದ್ದರೆ ಅದು ಹಿಂಸೆ. ಯಾರು ಯಾರಿಗೆ ಅಂಜುತ್ತಾರೆ ಎಂಬ ಈ ಒಂದೇ ಪ್ರಶ್ನೆ ಮಕ್ಕಳ ಮನಸ್ಸಿನಲ್ಲಿ ಉಳಿದರೆ ಪಾಠದ ಅರ್ಧ ಕೆಲಸ ಆದಂತೆ. ಏಟು ತಿಂದು ತಿಂದು ಬೇಸತ್ತ ತಾಯಿ ಒಂದು ದಿನ ತಿರುಗಿ ಕೈಯೆತ್ತಿದ್ದಕ್ಕೂ, ದಿನವೂ ಒಬ್ಬರನ್ನು ಅಂಜಿಸಿ ಆಳುವುದಕ್ಕೂ ಇರುವ ವ್ಯತ್ಯಾಸವೂ ಅದೇ ಪ್ರಶ್ನೆಯಿಂದ ತಿಳಿಯುತ್ತದೆ.

2005ರ ಕಾಯ್ದೆ ಹಿಂಸೆಯನ್ನು ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಎಂದು ನಾಲ್ಕು ಬಗೆಯಾಗಿ ಗುರುತಿಸುತ್ತದೆ. ಏಟನ್ನು ಮಾತ್ರ ಹಿಂಸೆಯೆಂದು ತಿಳಿದ ಮಕ್ಕಳಿಗೆ ಆರ್ಥಿಕ ಹಿಂಸೆ ಹೊಸ ವಿಚಾರವಾಗಿರುತ್ತದೆ, ಆದ್ದರಿಂದ ಅದನ್ನು ಅವರ ಮನೆಯ ಹಣದಿಂದಲೇ ವಿವರಿಸಬೇಕು. ಅವ್ವನ ಖಾತೆಗೆ ಬಂದ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಹೆದರಿಸಿ ಕಿತ್ತುಕೊಳ್ಳುವುದು, ಅವಳ ಹೆಸರಿನಲ್ಲಿ ಸಂಘದ ಸಾಲ ತೆಗೆಸಿ ಕಂತು ಕಟ್ಟಲು ಅವಳನ್ನೇ ಬಿಡುವುದು, ಅಜ್ಜನ ಸಂಧ್ಯಾ ಸುರಕ್ಷಾ ಪಿಂಚಣಿಯ ಎಟಿಎಂ ಕಾರ್ಡನ್ನು ಇಟ್ಟುಕೊಂಡು ಅವನಿಗೆ ಚಹಾಕ್ಕೂ ರೊಕ್ಕ ಕೊಡದಿರುವುದು, ಬ್ಯಾಡಗಿಯ ಮೆಣಸಿನಕಾಯಿ ಸುಗ್ಗಿಯಲ್ಲಿ ದುಡಿದು ತಂದ ಅಪ್ಪನ ಕೂಲಿಯನ್ನೆಲ್ಲ ಕಸಿದು ಅವನನ್ನು ಬಸ್ಸಿನ ಚಿಲ್ಲರೆಗೂ ಕೈಯೊಡ್ಡುವಂತೆ ಮಾಡುವುದು, ಇವೆಲ್ಲವೂ ಅದೇ ಗುಂಪಿನವು. ಕೊನೆಯ ಎರಡು ಉದಾಹರಣೆಗಳಲ್ಲಿ ನೊಂದವರು ಗಂಡಸರು ಎಂಬುದನ್ನು ಮಕ್ಕಳು ತಾವಾಗಿಯೇ ಗಮನಿಸಲಿ. 2005ರ ಕಾಯ್ದೆಯ ರಕ್ಷಣೆ ಅವರಿಗೆ ಇಲ್ಲವೆಂಬ ವಿಷಯ ಹೇಗೂ ಮುಂದೆ ಬರುತ್ತದೆ.

ಉದಾಹರಣೆಗಳನ್ನು ಆರಿಸುವಾಗ ಒಂದು ಎಚ್ಚರ ಬೇಕು. ಹಿಂಸೆಯ ಕಥೆಗಳೆಲ್ಲ ಗುಡಿಸಲಿನಲ್ಲಿ, ತಾಂಡಾದಲ್ಲಿ, ಕೂಲಿಕಾರರ ಓಣಿಯಲ್ಲೇ ನಡೆಯುವಂತೆ ಹೇಳಿದರೆ ಆ ಓಣಿಗಳಿಂದ ಬಂದ ಮಕ್ಕಳಿಗೆ ಅವಮಾನವಾಗುತ್ತದೆ, ಉಳಿದ ಮಕ್ಕಳಿಗೆ ಸುಳ್ಳು ನೆಮ್ಮದಿ ಸಿಗುತ್ತದೆ. ಹುಬ್ಬಳ್ಳಿಯ ವಿದ್ಯಾನಗರದ ಬಂಗಲೆಯಲ್ಲಿ, ಧಾರವಾಡದ ಸಪ್ತಾಪುರದ ಬಾಡಿಗೆ ಮನೆಯಲ್ಲಿ, ಸರ್ಕಾರಿ ನೌಕರರ ವಸತಿಗೃಹದಲ್ಲಿ ನಡೆಯುವ ಕಥೆಯೊಂದನ್ನು ಖಂಡಿತ ಸೇರಿಸಿ.

ನೊಂದವರು ಗಂಡಸರಾದಾಗ

ಈ ಭಾಗಕ್ಕೆ ಬಂದಾಗ ತರಗತಿ ನಗುತ್ತದೆ. ಹೆಂಡತಿಯ ಕೈಯಲ್ಲಿ ಏಟು ತಿನ್ನುವ ಗಂಡ ಕಂಪನಿ ನಾಟಕಗಳಲ್ಲಿ, ಸಿನಿಮಾಗಳಲ್ಲಿ, ಧಾರಾವಾಹಿಗಳಲ್ಲಿ ಬಹುಕಾಲದಿಂದ ಹಾಸ್ಯದ ಪಾತ್ರವಾಗಿಯೇ ಬಂದಿರುವುದರಿಂದ ಮಕ್ಕಳು ನಗುವುದು ಸಹಜ, ಅದಕ್ಕಾಗಿ ಅವರನ್ನು ಗದರಿಸಬೇಡಿ. ನಗು ನಿಂತ ಮೇಲೆ, ನಗದೆ ಕುಳಿತ ಮಗುವಿನ ಕಡೆಗೆ ನೋಡದೆ, ಇಡೀ ತರಗತಿಗೆ ಒಂದು ಪ್ರಶ್ನೆ ಹಾಕಿ: ‘ಇದೇ ಕಥೆಯಲ್ಲಿ ಅಪ್ಪನ ಜಾಗದಲ್ಲಿ ಅವ್ವ ಇದ್ದಿದ್ದರೆ ನಾವು ನಗುತ್ತಿದ್ದೆವೇ?’ ಅದಕ್ಕೆ ಮಕ್ಕಳು ಕೊಡುವ ಉತ್ತರದಿಂದಲೇ ಪಾಠ ಮುಂದುವರಿಯಲಿ.

ತರಗತಿಗೆ ಬಳಸಬಹುದಾದ ಒಂದು ಕಥೆಯನ್ನು ಇಲ್ಲಿ ಕೊಡುತ್ತೇನೆ. ಇದು ಪಾಠಕ್ಕಾಗಿ ಕಟ್ಟಿದ ಕಥೆ, ಯಾವ ಮನೆಯದೂ ಅಲ್ಲ. ಗದಗ-ಬೆಟಗೇರಿಯ ಒಂದು ಮನೆಯಲ್ಲಿ ತಂದೆ ಖಾಸಗಿ ಕಚೇರಿಯೊಂದರಲ್ಲಿ ಗುಮಾಸ್ತ, ತಾಯಿಗೆ ಸ್ವಂತ ಅಂಗಡಿಯಿದೆ. ತಂದೆಯ ನೌಕರಿ ಹೋಗುತ್ತದೆ. ಅಂದಿನಿಂದ ತಾಯಿ ಮಕ್ಕಳ ಮುಂದೆಯೇ ಅವನನ್ನು ‘ಕೈಗೆ ಬಳೆ ತೊಟ್ಟುಕೊ’ ಎಂದು ಹಂಗಿಸುತ್ತಾಳೆ, ಕೈಗೆ ಸಿಕ್ಕ ಪಾತ್ರೆಯನ್ನು ಅವನ ಮೇಲೆ ಎಸೆಯುತ್ತಾಳೆ, ಕೆಲವು ರಾತ್ರಿ ಬಾಗಿಲು ಹಾಕಿ ಹೊರಗೇ ಉಳಿಸುತ್ತಾಳೆ. ಹಣೆಯ ಮೇಲಿನ ಗಾಯವನ್ನು ನೋಡಿ ಕೇಳಿದ ನೆರೆಯವರಿಗೆ ಅವನು ಸೈಕಲ್ಲಿನಿಂದ ಬಿದ್ದೆನೆಂದು ಹೇಳುತ್ತಾನೆ. ಎಂಟನೆಯ ತರಗತಿಯ ಮಗನಿಗೆ ಅವನು ಹೇಳುವ ಮಾತು ಒಂದೇ: ‘ಹೊರಗ ಯಾರ ಮುಂದೂ ಹೇಳಬ್ಯಾಡಪ್ಪ, ಮಾನ ಹೊಕ್ಕೈತಿ.’

ಕಥೆ ಹೇಳಿದ ಮೇಲೆ ಪ್ರಶ್ನೆಗಳು ನಿಧಾನವಾಗಿ ಬರಲಿ. ತಂದೆ ಏಕೆ ಸುಳ್ಳು ಹೇಳಿದ? ಯಾವ ಯಾವ ಬಗೆಯ ಹಿಂಸೆ ಇಲ್ಲಿದೆ? ಆ ಹುಡುಗನಿಗೆ ಶಾಲೆಯಲ್ಲಿ ಏನಾಗುತ್ತಿರಬಹುದು? ಬಳೆಯ ಮಾತಿನಿಂದ ಅವಮಾನವಾದದ್ದು ಯಾರಿಗೆ? ಈ ಕೊನೆಯ ಪ್ರಶ್ನೆಯ ಮೇಲೆ ಹೆಚ್ಚು ಹೊತ್ತು ನಿಲ್ಲಿ. ಬಳೆ ತೊಡುವವರು ಕೈಲಾಗದವರು ಎಂಬ ನಂಬಿಕೆಯಿಂದಲೇ ಆ ಮಾತು ಹುಟ್ಟುತ್ತದೆ, ಆದ್ದರಿಂದ ಅದು ಆ ಗಂಡಸನ್ನೂ ಬಳೆ ತೊಡುವ ಎಲ್ಲ ಹೆಂಗಸರನ್ನೂ ಒಟ್ಟಿಗೆ ಹೀಯಾಳಿಸುತ್ತದೆ. ಹೆಂಗಸನ್ನು ಕೀಳಾಗಿ ಕಾಣುವ ಬುದ್ಧಿಯೇ ನೊಂದ ಗಂಡಸಿನ ಬಾಯಿಯನ್ನೂ ಕಟ್ಟುತ್ತದೆ ಎಂಬುದನ್ನು ಒಂಬತ್ತನೆಯ ತರಗತಿಯ ಮಕ್ಕಳು ಚೆನ್ನಾಗಿಯೇ ಅರ್ಥಮಾಡಿಕೊಳ್ಳುತ್ತಾರೆ. ‘ನಗುವ ಹೆಂಗಸನ್ನು, ಅಳುವ ಗಂಡಸನ್ನು ನಂಬಬಾರದು’ ಎಂಬ ಗಾದೆಯನ್ನು ಇಲ್ಲಿ ತಂದು, ಇದನ್ನು ನಂಬಿದ ಊರಿನಲ್ಲಿ ಅಳಬೇಕಾದ ಗಂಡಸು ಎಲ್ಲಿಗೆ ಹೋಗುತ್ತಾನೆ ಎಂದು ಕೇಳಿ.

ಅಂಕಿಗಳನ್ನು ಮರೆಮಾಚಬೇಡಿ. ಮೇಲೆ ಹೇಳಿದ ಸಮೀಕ್ಷೆ ಹಿಂಸೆಯ ಪ್ರಶ್ನೆಗಳನ್ನು ಮಹಿಳೆಯರಿಗೆ ಮಾತ್ರ ಕೇಳುತ್ತದೆ. ಗಂಡ ಹೊಡೆಯದೆ ಇದ್ದಾಗಲೂ ತಾವಾಗಿಯೇ ಅವನ ಮೇಲೆ ಕೈಮಾಡಿದ್ದಿದೆಯೇ ಎಂದು ಅವರನ್ನು ಕೇಳಿದಾಗ ದೇಶದಲ್ಲಿ ನೂರಕ್ಕೆ ಸುಮಾರು ನಾಲ್ವರು ಹೌದೆಂದಿದ್ದಾರೆ. ಗಂಡನಿಂದ ಹಿಂಸೆ ಅನುಭವಿಸಿದವರ ಪ್ರಮಾಣ ದೇಶದಲ್ಲಿ ನೂರಕ್ಕೆ ಸುಮಾರು ಇಪ್ಪತ್ತೊಂಬತ್ತು. ಎರಡೂ ಅಂಕಿಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದರೆ ಯಾರೂ ಯಾರನ್ನೂ ತಪ್ಪುದಾರಿಗೆ ಎಳೆಯಲಾಗದು. ನಾಲ್ಕು ಸಣ್ಣ ಸಂಖ್ಯೆಯೇ ಸರಿ, ಆದರೆ ಆ ಮನೆಗಳಲ್ಲಿ ಬೆಳೆಯುವ ಮಕ್ಕಳೂ ನಮ್ಮ ಮಕ್ಕಳೇ.

ಮಕ್ಕಳ ವಿಷಯದಲ್ಲಂತೂ ಗಂಡುಮಕ್ಕಳನ್ನು ಮರೆಯಲು ಯಾವ ಆಧಾರವೂ ಇಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹದಿಮೂರು ರಾಜ್ಯಗಳ ಅಧ್ಯಯನವನ್ನು ಪ್ರಕಟಿಸಿದಾಗ, ದೈಹಿಕ ಹಿಂಸೆಗೆ ಒಳಗಾದ ಮಕ್ಕಳಲ್ಲಿ ಶೇಕಡಾ 54ಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳೆಂದು ಕಂಡುಬಂದಿತ್ತು. ಹೀಗಿದ್ದೂ ‘ಗಂಡು ಹುಡುಗ, ಎರಡು ಏಟು ತಿಂದರೆ ಗಟ್ಟಿಯಾಗುತ್ತಾನೆ’ ಎಂಬ ಮಾತು ನಮ್ಮ ಕಟ್ಟೆಗಳ ಮೇಲೆ ಇನ್ನೂ ಕೇಳಿಬರುತ್ತದೆ. ಈ ಮಾತನ್ನು ಕೇಳಿ ಬೆಳೆದ ಹುಡುಗ ತನ್ನ ಬೆನ್ನ ಮೇಲಿನ ಬಾಸುಂಡೆಯನ್ನು ಹಿಂಸೆಯೆಂದು ಗುರುತಿಸುವುದೇ ಇಲ್ಲ.

ಕಾನೂನಿನ ವಿಷಯವನ್ನು ಹತ್ತನೆಯ ತರಗತಿಯವರಿಗೆ ನೇರವಾಗಿ ಹೇಳಿ. 2005ರ ಕಾಯ್ದೆಯಡಿ ರಕ್ಷಣೆ ಕೇಳಬಲ್ಲವರು ಮಹಿಳೆಯರು ಮಾತ್ರ: ಹೆಂಡತಿ, ತಾಯಿ, ಮಗಳು, ಸೊಸೆ, ಸಹೋದರಿ, ಮದುವೆಯಂತೆಯೇ ಒಟ್ಟಿಗೆ ಬಾಳುತ್ತಿರುವವಳು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾಯ್ದೆಯ ‘ವಯಸ್ಕ ಪುರುಷ’ ಎಂಬ ಪದಗಳನ್ನು ತೆಗೆದುಹಾಕಿದ ಮೇಲೆ ಹಿಂಸೆ ಮಾಡಿದ ಹೆಂಗಸಿನ ಮೇಲೂ ದೂರು ಕೊಡಬಹುದಾಗಿದೆ, ಆದರೆ ದೂರುವವಳು ಮಹಿಳೆಯೇ ಆಗಿರಬೇಕು. ಹಾಗಾದರೆ ನೊಂದ ಗಂಡಸಿಗೆ ಏನೂ ದಾರಿಯಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ದಾರಿಗಳಿವೆ. ಹೊಡೆತ, ಬೆದರಿಕೆ, ಕೂಡಿಹಾಕುವಿಕೆಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಸಾಮಾನ್ಯ ಕಲಮುಗಳಡಿ ಯಾರು ಬೇಕಾದರೂ ಪೊಲೀಸರಿಗೆ ದೂರು ಕೊಡಬಹುದು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ ಕೇಳುವ ಹಕ್ಕು ಗಂಡ-ಹೆಂಡತಿ ಇಬ್ಬರಿಗೂ ಇದೆ. ಅರವತ್ತು ದಾಟಿದ ಅಜ್ಜನಾಗಲಿ ಅಜ್ಜಿಯಾಗಲಿ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹೊಲವನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟು ಬೀದಿಗೆ ಬಿದ್ದ ಹಿರಿಯರು ಅದೇ ಕಾಯ್ದೆಯ 23ನೇ ಕಲಮಿನಡಿ ಆ ದಾನಪತ್ರವನ್ನು ರದ್ದು ಮಾಡಿಸಿಕೊಳ್ಳಬಹುದು. ನಮ್ಮ ಹಳ್ಳಿಗಳಲ್ಲಿ ಇದು ತಿಳಿಯದೆ ಎಷ್ಟೋ ಅಜ್ಜಂದಿರು ಗುಡಿಯ ಕಟ್ಟೆಯ ಮೇಲೆ ದಿನ ಕಳೆಯುತ್ತಿದ್ದಾರೆ. ಹಿರಿಯರ ಸಹಾಯವಾಣಿಯ ಸಂಖ್ಯೆ 14567, ಕಾನೂನು ನೆರವಿನದು 15100.

ಒಂದು ಪ್ರಶ್ನೆ ಇಲ್ಲಿ ಖಂಡಿತ ಬರುತ್ತದೆ: ಹೆಂಗಸರಿಗೆ ಮಾತ್ರ ಕಾಯ್ದೆ ಮಾಡಿದ್ದು ಅನ್ಯಾಯವಲ್ಲವೇ? ಮನೆಯಿಂದ ಹೊರದಬ್ಬಿದರೆ ನಿಲ್ಲಲು ನೆಲೆಯಿಲ್ಲದ, ಆಸ್ತಿಯಲ್ಲಿ ಹೆಸರಿಲ್ಲದ ಹೆಂಗಸರ ಸ್ಥಿತಿಯನ್ನು ನೋಡಿ ಆ ಕಾಯ್ದೆ ಬಂತು ಎಂಬ ಕಾರಣವನ್ನು ವಿವರಿಸಿ, ಗಂಡಸರಿಗೂ ಅಂತಹ ರಕ್ಷಣೆ ಬೇಕೇ ಎಂಬುದನ್ನು ಚರ್ಚೆಗೆ ಬಿಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಕಾಯ್ದೆಯಲ್ಲಿ ನೊಂದವರು ಗಂಡಸರಾದರೂ ಹೆಂಗಸರಾದರೂ ವ್ಯಾಖ್ಯೆ ಒಂದೇ ಎಂಬುದನ್ನೂ, ಮನೆಯ ಹಿಂಸೆಯನ್ನು ಕಂಡ ಅಥವಾ ಕೇಳಿಸಿಕೊಂಡ ಮಗುವನ್ನೂ ಅಲ್ಲಿ ನೊಂದವರೆಂದೇ ಪರಿಗಣಿಸುತ್ತಾರೆಂಬುದನ್ನೂ ತಿಳಿಸಿದರೆ ಚರ್ಚೆಗೆ ಒಳ್ಳೆಯ ಆಧಾರ ಸಿಗುತ್ತದೆ.

ಮಗು ಬಾಯಿಬಿಟ್ಟಾಗ

ಹೇಳದ ಮಕ್ಕಳನ್ನು ಮೊದಲು ಗಮನಿಸಬೇಕು. ಸಂತೆಯ ಮರುದಿನ ತರಗತಿಯಲ್ಲಿ ನಿದ್ದೆ ಹೋಗುವ ಮಗು, ಏಪ್ರಿಲ್ ಬಿಸಿಲಲ್ಲೂ ತುಂಬುತೋಳಿನ ಅಂಗಿ ಬಿಡದ ಹುಡುಗ, ಕೊನೆಯ ಗಂಟೆ ಬಾರಿಸಿದರೂ ಮನೆಗೆ ಹೊರಡದವನು, ಅವ್ವನ ಕಾವಲಿಗೆಂದು ವಾರಕ್ಕೆರಡು ದಿನ ಶಾಲೆ ತಪ್ಪಿಸುವ ಹುಡುಗಿ, ಇದ್ದಕ್ಕಿದ್ದಂತೆ ಚಿಕ್ಕವರನ್ನು ಬಡಿಯತೊಡಗಿದವನು. ಕೊನೆಯವನನ್ನು ನಾವು ಪುಂಡನೆಂದು ಕರೆದು ಶಿಕ್ಷಿಸುತ್ತೇವೆ, ಆದರೆ ಬಹಳ ಸಲ ಮೊದಲು ವಿಚಾರಿಸಬೇಕಾದವನು ಅವನೇ.

ಮಗು ಹೇಳತೊಡಗಿದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಕುಳಿತು ಕೇಳಿ. ‘ನೀ ಹೇಳಿದ್ದು ಛಲೋ ಆತು, ನಾ ನಂಬತೀನಿ, ಇದರಾಗ ನಿಂದೇನೂ ತಪ್ಪಿಲ್ಲ’ ಎಂಬಷ್ಟು ಮಾತು ಮೊದಲಿಗೆ ಸಾಕು, ಅದನ್ನು ಪುಸ್ತಕದ ಭಾಷೆಯಲ್ಲಲ್ಲದೆ ಮಗುವಿನ ಮನೆಮಾತಿನಲ್ಲಿ ಹೇಳಿ. ‘ಸರ್, ಯಾರಿಗೂ ಹೇಳಬ್ಯಾಡ್ರಿ’ ಎಂದು ಅದು ಬೇಡಿಕೊಂಡಾಗ ಆಣೆ ಮಾಡಬೇಡಿ. ನಿನ್ನ ಕ್ಷೇಮಕ್ಕೆ ಬೇಕಾದವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ ಎಂದು ಸತ್ಯವನ್ನೇ ನುಡಿಯಿರಿ. ಏಕೆ ಹೊಡೆದರು, ನೀನೇನು ಮಾಡಿದ್ದೆ ಎಂದು ಕೆದಕಬೇಡಿ, ಗಾಯದ ಫೋಟೊ ತೆಗೆಯಬೇಡಿ, ಮೂರು ಜನ ಶಿಕ್ಷಕರ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ. ಮಗು ಆಡಿದ ಮಾತುಗಳನ್ನು ಅದು ಆಡಿದಂತೆಯೇ ದಿನಾಂಕ ಹಾಕಿ ಬರೆದು, ಬೀಗದಲ್ಲಿಟ್ಟು, ಅಂದೇ ಮುಖ್ಯೋಪಾಧ್ಯಾಯರಿಗೆ ತಿಳಿಸಿ. ಮಗುವಿನ ಹೆಸರು ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ಯಾವ ಕಾರಣಕ್ಕೂ ಹೋಗಬಾರದು. ಪೋಕ್ಸೋ ಮತ್ತು ಬಾಲನ್ಯಾಯ ಕಾಯ್ದೆಗಳೆರಡೂ ಮಾಧ್ಯಮಗಳಲ್ಲಿ ಮಗುವಿನ ಗುರುತು ಬಯಲಾಗುವುದನ್ನು ನಿಷೇಧಿಸುತ್ತವೆ.

ನಮ್ಮ ಭಾಗದ ಶಿಕ್ಷಕರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಊರಿನಲ್ಲಿ ನಮಗೆ ಗೌರವವಿರುವುದರಿಂದ, ತಂದೆಯನ್ನೋ ತಾಯಿಯನ್ನೋ ಶಾಲೆಗೆ ಕರೆಸಿ, ಇಬ್ಬರು ಹಿರಿಯರನ್ನು ಕೂಡಿಸಿ ಬುದ್ಧಿ ಹೇಳಿದರೆ ಸರಿಹೋಗುತ್ತದೆ ಎಂದು ನಮಗೆ ಅನ್ನಿಸುತ್ತದೆ. ಇದು ಒಳ್ಳೆಯ ಮನಸ್ಸಿನಿಂದಲೇ ಹುಟ್ಟುವ ಆಲೋಚನೆ, ಆದರೆ ಅಪಾಯಕಾರಿ. ಸಭೆಯಲ್ಲಿ ತಲೆತಗ್ಗಿಸಿ ಒಪ್ಪಿಕೊಂಡ ಮನುಷ್ಯ ಅದೇ ರಾತ್ರಿ ‘ಶಾಲೆಯಲ್ಲಿ ಹೇಳಿದವರ್ಯಾರು?’ ಎಂದು ಕೇಳುತ್ತಾನೆ, ಮತ್ತು ಉತ್ತರ ಕೊಡಬೇಕಾದವರು ಮಗುವೋ ತಾಯಿಯೋ ಆಗಿರುತ್ತಾರೆ. ಹಿಂಸೆ ಮಾಡುವವಳು ತಾಯಿಯಾಗಿದ್ದರೂ ಇದೇ ಅಪಾಯವಿದೆ. ಆದ್ದರಿಂದ ಸಂಧಾನವನ್ನು ಕೈಬಿಟ್ಟು ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ, ಮನೆಯವರೊಂದಿಗೆ ಯಾವಾಗ, ಹೇಗೆ ಮಾತನಾಡಬೇಕೆಂದು ಅವರನ್ನೇ ಕೇಳಿ. ನೊಂದ ತಾಯಿಗೆ 181ರ ಮಹಿಳಾ ಸಹಾಯವಾಣಿಯೂ, ನೊಂದ ಮಹಿಳೆಯರಿಗೆ ಒಂದೇ ಕಡೆ ನೆರವು ಕೊಡುವ ಸಖಿ ಕೇಂದ್ರವೂ ಇವೆ.

ಪಾಲಕರ ಜಗಳದ ನಡುವೆ ಬಿದ್ದು ಬಿಡಿಸುವ ಕೆಲಸ ಮಕ್ಕಳದ್ದಲ್ಲ ಎಂಬುದನ್ನು ಎಲ್ಲ ತರಗತಿಗಳಿಗೂ ಹೇಳಿ. ಅಡುಗೆಮನೆಯಿಂದ ದೂರ ಸರಿಯುವುದು, ತಮ್ಮ-ತಂಗಿಯರ ಕೈಹಿಡಿದು ಹೊರಗೆ ಬರುವುದು, ಮೊದಲೇ ಗೊತ್ತುಮಾಡಿಕೊಂಡ ನೆರೆಮನೆಗೆ ಹೋಗುವುದು, ತುರ್ತು ಸಹಾಯದ ಸಂಖ್ಯೆ 112ಕ್ಕೆ ಕರೆ ಮಾಡುವುದು, ಇಷ್ಟನ್ನು ಅಭಿನಯದ ಮೂಲಕ ರೂಢಿಮಾಡಿಸಿ. ಗಾಬರಿಯಲ್ಲಿ ಮಕ್ಕಳಿಗೆ ತಮ್ಮ ವಿಳಾಸವೇ ನೆನಪಾಗುವುದಿಲ್ಲ. ಊರು, ಓಣಿ, ಹತ್ತಿರದ ಗುಡಿ ಅಥವಾ ದರ್ಗಾ ಅಥವಾ ನೀರಿನ ಟ್ಯಾಂಕು, ಈ ಕ್ರಮದಲ್ಲಿ ಹೇಳುವುದನ್ನು ಪ್ರತಿಯೊಬ್ಬರೂ ಒಮ್ಮೆ ಎದ್ದುನಿಂತು ಹೇಳಲಿ.

ಶಾಲೆಯ ದ್ವಾರದಲ್ಲೂ ಎಚ್ಚರ ಬೇಕಾಗುತ್ತದೆ. ನೊಂದವಳು ಬಾಲಕಿಯಾಗಿದ್ದರೆ ಹಿಂಸೆ ಮಾಡಿದವರು ಅವಳ ಶಾಲೆಯನ್ನು ಪ್ರವೇಶಿಸದಂತೆ ಮ್ಯಾಜಿಸ್ಟ್ರೇಟರು 2005ರ ಕಾಯ್ದೆಯ 18ನೇ ಕಲಮಿನಡಿ ಆದೇಶ ಮಾಡಬಹುದು. ಅಂತಹ ಆದೇಶವಿದ್ದರೆ ಅದರ ಪ್ರತಿ ಮುಖ್ಯೋಪಾಧ್ಯಾಯರ ಬಳಿ ಇರಬೇಕು, ಮಗುವನ್ನು ಯಾರ ಜೊತೆ ಕಳಿಸಬೇಕೆಂಬುದು ಕಾವಲುಗಾರನಿಗೂ ತಿಳಿದಿರಬೇಕು.

ಪಾಲಕರ ಸಭೆಯಲ್ಲಿ ಮತ್ತು ನಮ್ಮ ಕೈಯಲ್ಲಿ

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಈ ಪಾಠದ ವಿಷಯ ಎತ್ತಿದಾಗ ‘ಮನೆ ಒಡೆಯೋ ಕೆಲಸ ಶಾಲಿಗ್ಯಾಕ?’ ಎಂಬ ಆಕ್ಷೇಪ ಬರಬಹುದು. ಮಕ್ಕಳ ಸುರಕ್ಷತೆಯ ಪಾಠವೆಂದು ಹೇಳಿ, ಬಳಸುವ ಕಥೆಗಳನ್ನು ಅವರಿಗೂ ಓದಿ ತೋರಿಸಿ. ನೊಂದ ಗಂಡಸರ ಕಥೆಯೂ ಅದರಲ್ಲಿದೆ ಎಂದು ತಿಳಿದಾಗ, ಇದು ಗಂಡಸರನ್ನು ಬೈಯುವ ಪಾಠವೆಂದು ಸಂಶಯಪಟ್ಟಿದ್ದ ತಂದೆಯರೂ ಮನಸ್ಸಿಟ್ಟು ಕೇಳುತ್ತಾರೆ. ನವೆಂಬರ್ ಹೊತ್ತಿಗೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲೂ, ಮಕ್ಕಳಿಗೆ ಪೊಲೀಸ್ ಠಾಣೆಯನ್ನು ಪರಿಚಯಿಸುವ ‘ತೆರೆದ ಮನೆ’ ಭೇಟಿಯಲ್ಲೂ ಮಕ್ಕಳು ಈ ಬಗ್ಗೆ ಪ್ರಶ್ನೆ ಕೇಳುವಂತೆ ಅವರನ್ನು ಅಣಿಗೊಳಿಸಬಹುದು. ಆದರೆ ಯಾವ ಮಗುವೂ ಅಲ್ಲಿ ತನ್ನ ಮನೆಯ ಕಥೆಯನ್ನು ಹೇಳದಂತೆ ನೋಡಿಕೊಳ್ಳಿ.

ಇನ್ನು ನಮ್ಮ ಬೆತ್ತದ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆಳಿಗ್ಗೆ ಪಾಠ ಹೇಳದ ಹುಡುಗನ ಕೈಗೆ ಬಾರಿಸಿ ಮಧ್ಯಾಹ್ನ ಹಿಂಸೆಯ ಬಗ್ಗೆ ಪಾಠ ಮಾಡಿದರೆ, ಬಲವಿದ್ದವರು ಹೊಡೆಯಬಹುದು ಎಂಬುದನ್ನೇ ಅವನು ಕಲಿಯುತ್ತಾನೆ. ‘ಹುಡುಗಿ ಹಾಂಗ ಅಳಬ್ಯಾಡ’ ಎಂದು ಹುಡುಗರನ್ನು ಗದರಿಸುವುದನ್ನೂ ನಾವು ಅಂದೇ ನಿಲ್ಲಿಸಬೇಕು.

ರಜೆಗೆ ಮುನ್ನ

ಪಾಠ ಒಂದು ದಿನಕ್ಕೆ ಮುಗಿಯುವುದಿಲ್ಲ. ಎರಡು ವಾರದ ನಂತರ ಅದೇ ತರಗತಿಗೆ ಹೋಗಿ, ಹೆಸರು ಬರೆಯದ ಚೀಟಿಯಲ್ಲಿ ಪ್ರಶ್ನೆ ಹಾಕಲು ಹೇಳಿ, ಬಂದ ಪ್ರಶ್ನೆಗಳಿಗೆ ಉತ್ತರಿಸಿ. ಎಲ್ಲರೂ ಚೀಟಿ ಹಾಕಬೇಕು, ಏನೂ ಕೇಳಲಿಲ್ಲದವರು ಖಾಲಿ ಚೀಟಿಯನ್ನಾದರೂ ಹಾಕಬೇಕು, ಆಗ ಬರೆದವರು ಯಾರೆಂದು ತಿಳಿಯುವುದಿಲ್ಲ. ದಸರೆಯ ರಜೆ ಮತ್ತು ಬೇಸಿಗೆಯ ರಜೆ ಆರಂಭವಾಗುವ ಮುನ್ನ ಇನ್ನೊಮ್ಮೆ ನೆನಪಿಸುವುದು ಅತ್ಯಗತ್ಯ, ಏಕೆಂದರೆ ಆ ವಾರಗಳಲ್ಲಿ ಮಗುವಿಗೆ ಶಾಲೆಯ ಆಸರೆ ಇರುವುದಿಲ್ಲ. ಮುಂಡರಗಿ, ಶಿರಹಟ್ಟಿ ಕಡೆಯ ಕೆಲವು ಮಕ್ಕಳು ಪಾಲಕರೊಂದಿಗೆ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗುತ್ತಾರೆ. ಅಲ್ಲಿಯೂ 1098 ಮತ್ತು 112 ಇದೇ ಸಂಖ್ಯೆಗಳೇ ಎಂದು ಅವರಿಗೆ ತಿಳಿಸಿ. ಸಂಖ್ಯೆಗಳನ್ನು ಸೂಚನಾ ಫಲಕದ ಮೇಲಷ್ಟೇ ಅಂಟಿಸಿದರೆ ಅದರ ಮುಂದೆ ನಿಂತು ಬರೆದುಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ಆದ್ದರಿಂದ ಹುಡುಗಿಯರ ಮತ್ತು ಹುಡುಗರ ಎರಡೂ ಶೌಚಾಲಯಗಳ ಬಾಗಿಲ ಒಳಬದಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಿ, ಪ್ರತಿ ಮಗುವಿನ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲೂ ಬರೆಸಿಬಿಡಿ.